ಇಪ್ಪತ್ತನೆಯ ಹೆಸರು: ಸರೀಸೃಪ ಸಾಕಣೆಯ ಅನುಮತಿ ಎಲ್ಲಿ ಸಿಕ್ಕಿಕೊಳ್ಳುತ್ತದೆ?

2017ರ ಆಗಸ್ಟ್ 14ರ ರಾತ್ರಿ ನಾರ್ವೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಕಾರ್ನ್ ಸ್ನೇಕ್ ಇಟ್ಟುಕೊಂಡು ಮಲಗಿದವರು ಕಾನೂನು ಮುರಿದವರು. ಬೆಳಗ್ಗೆ ಎದ್ದಾಗ ಹಾವು ಅದೇ, ಪೆಟ್ಟಿಗೆ ಅದೇ, ಅದಕ್ಕೆ ಶಾಖ ಕೊಡುವ ದೀಪವೂ ಅದೇ. ಬದಲಾಗಿದ್ದದ್ದು ಒಂದು ಸರ್ಕಾರಿ ಪಟ್ಟಿ. 1976ರ ನಿಯಮದ ಪ್ರಕಾರ ಹೊರದೇಶದ ಸರೀಸೃಪಗಳನ್ನು ತರುವುದು, ಮಾರುವುದು, ಸಾಕುವುದು ಆ ದೇಶದಲ್ಲಿ ನಿಷಿದ್ಧವಾಗಿತ್ತು. ನಾಲ್ಕು ದಶಕ ಕಳೆದ ಮೇಲೆ ಬಾಗಿಲು ಒಂದಿಷ್ಟು ತೆರೆಯಿತು: 19 ಪ್ರಭೇದಗಳನ್ನು ಸಾಕಬಹುದು. ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಎಂಬ ಹಾವುಗಳು, ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗಳು ಮುಂತಾದವು, ಈ ಹವ್ಯಾಸ ಇರುವವರಿಗೆಲ್ಲ ಗೊತ್ತಿರುವ ಹೆಸರುಗಳು.

ನನಗೆ ಕುತೂಹಲ ಇರುವುದು ಇಪ್ಪತ್ತನೆಯ ಹೆಸರಿನ ಬಗ್ಗೆ. ಅದನ್ನು ಸೇರಿಸಿ ಎಂದು ಅರ್ಜಿ ಹಾಕಬೇಕಾದವರು ಯಾರು? ಅದು ಯಾರ ಮೇಜಿಗೆ ಹೋಗಬೇಕು? ಏನನ್ನು ಸಾಬೀತು ಮಾಡಬೇಕು? ಎಷ್ಟು ದಿನದೊಳಗೆ ಉತ್ತರ ಬರಬೇಕು? ಸರೀಸೃಪ ಸಾಕಣೆಯ ಜಗಳವೆಲ್ಲ ಮೇಲ್ನೋಟಕ್ಕೆ ಬೇಕು, ಬೇಡ ಎಂಬುದರ ಸುತ್ತ ನಡೆದಂತೆ ಕಾಣುತ್ತದೆ. ಒಳಹೊಕ್ಕರೆ ಕಡತಗಳು ಸಿಕ್ಕಿಕೊಂಡಿರುವುದು ಈ ನಾಲ್ಕು ಸಣ್ಣ ಪ್ರಶ್ನೆಗಳಲ್ಲಿ.

ಪಟ್ಟಿಗಳಲ್ಲಿ ಎರಡು ಬಗೆ. ನಿಷೇಧ ಪಟ್ಟಿಯಲ್ಲಿ ಇರುವುದನ್ನು ಸಾಕುವಂತಿಲ್ಲ, ಮಿಕ್ಕಿದ್ದು ನಿಮ್ಮಿಷ್ಟ. ಅನುಮತಿ ಪಟ್ಟಿಯಲ್ಲಿ ಇರುವುದನ್ನಷ್ಟೇ ಸಾಕಬಹುದು, ಮಿಕ್ಕಿದ್ದೆಲ್ಲ ನಿಷಿದ್ಧ. ಒಂದನ್ನು ತಿರುಗಿಸಿ ಹಾಕಿದರೆ ಇನ್ನೊಂದು ಎಂದು ಅನಿಸಬಹುದು. ಆದರೆ ಹೊಣೆ ಹೊರುವವರು ಬದಲಾಗುತ್ತಾರೆ. ಮೊದಲನೆಯದರಲ್ಲಿ ಅಪಾಯ ಇದೆ ಎಂದು ತೋರಿಸಬೇಕಾದ್ದು ಸರ್ಕಾರ. ಎರಡನೆಯದರಲ್ಲಿ ಅಪಾಯ ಇಲ್ಲ ಎಂದು ತೋರಿಸಬೇಕಾದವರು ಸಾಕುವವರು. ಹೆಸರಿಟ್ಟ ಸರೀಸೃಪ ಪ್ರಭೇದಗಳೇ 12 ಸಾವಿರ ದಾಟಿವೆ. ಅಷ್ಟರ ಅಪಾಯವನ್ನೂ ಒಂದೊಂದಾಗಿ ಅಳೆಯುವಷ್ಟು ಜನ ಯಾವ ಇಲಾಖೆಯಲ್ಲಿದ್ದಾರೆ? ಅನುಮತಿ ಪಟ್ಟಿಯ ಪರವಾಗಿ ಇರುವ ವಾದ ಇದು, ಮತ್ತು ತಳ್ಳಿಹಾಕುವಂಥ ವಾದವಲ್ಲ. ನಿಷೇಧ ಪಟ್ಟಿ ಯಾವಾಗಲೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಮೆರಿಕದಲ್ಲಿ ಬರ್ಮೀಸ್ ಹೆಬ್ಬಾವು, ವನ್ಯಜೀವಿಗಳ ವ್ಯಾಪಾರ ಮತ್ತು ಸಾಗಣೆಯನ್ನು ನಿಯಂತ್ರಿಸುವ ಲೇಸಿ ಕಾಯ್ದೆಯಡಿ ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿನಲ್ಲಿ ಅದು ಮರಿ ಮಾಡಿ ತಳವೂರಿ ಎಷ್ಟೋ ವರ್ಷಗಳಾಗಿದ್ದವು.

ಹಾಗಿದ್ದರೂ ಅನುಮತಿ ಪಟ್ಟಿಯ ಉದ್ದಕ್ಕೂ ಜೀವಶಾಸ್ತ್ರಕ್ಕೂ ಇರುವ ನಂಟು ನಾವಂದುಕೊಂಡಷ್ಟು ಗಟ್ಟಿಯಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ 2019ರ ಅಕ್ಟೋಬರ್ 1ರಂದು ಜಾರಿಗೆ ಬಂದ ಸರೀಸೃಪಗಳ ಪಟ್ಟಿಯಲ್ಲಿ 422 ಹೆಸರುಗಳಿದ್ದವು. ನಾರ್ವೆಯಲ್ಲಿ 19. ಚಳಿ ಹೆಚ್ಚಿರುವ ನಾರ್ವೆಯಲ್ಲಿ ತಪ್ಪಿಸಿಕೊಂಡ ಉಷ್ಣವಲಯದ ಹಲ್ಲಿ ಬದುಕಿ ಉಳಿಯುವ ಸಾಧ್ಯತೆ ಇನ್ನೂ ಕಡಿಮೆ. ಅಂದಮೇಲೆ ಲೆಕ್ಕ ತಿರುವುಮುರುವಾಗಬೇಕಿತ್ತಲ್ಲ? ಅಂತರ ಬಂದದ್ದು ಎಷ್ಟು ಎಚ್ಚರ ಸಾಕು ಎಂದು ಆಯಾ ಆಡಳಿತ ಅಂದುಕೊಂಡದ್ದರಿಂದ ಮತ್ತು ಪಟ್ಟಿಯನ್ನು ಎಲ್ಲಿಂದ ಶುರುಮಾಡಿದರು ಎಂಬುದರಿಂದ. ಹಾವುಗಳ ಮಟ್ಟಿಗೆ ನ್ಯೂಜಿಲೆಂಡಿನ ಸಂಖ್ಯೆ ಸೊನ್ನೆ. ಅಲ್ಲಿ ಮೃಗಾಲಯಕ್ಕೂ ಹಾವು ತರುವಂತಿಲ್ಲ. ನೆಲದ ಮೇಲೆ ತನ್ನದೇ ಆದ ಹಾವು ಒಂದೂ ಇಲ್ಲದ, ಹಾರಲಾರದ ಹಕ್ಕಿಗಳಿರುವ ದ್ವೀಪ ಅದು. ಆ ಸೊನ್ನೆಗೆ ಕಾರಣ ಕೇಳಬೇಕಾಗಿಲ್ಲ.

ಒಂದು ಪ್ರಭೇದವನ್ನು ಪಟ್ಟಿಗೆ ಸೇರಿಸುವ ಕಡತದಲ್ಲಿ ಏನಿರಬೇಕು? ದೇಶ ಯಾವುದಾದರೂ ಕೇಳುವುದು ಹೆಚ್ಚುಕಡಿಮೆ ಒಂದೇ. ಕಚ್ಚಿದರೆ, ಸುತ್ತಿಕೊಂಡರೆ, ರೋಗ ಹರಡಿದರೆ ಮನುಷ್ಯನಿಗೆ ಎಷ್ಟು ಅಪಾಯ. ತಪ್ಪಿಸಿಕೊಂಡರೆ ಹೊರಗೆ ನೆಲೆಯೂರುತ್ತದೆಯೇ. ಪೆಟ್ಟಿಗೆಯೊಳಗೆ ನರಳದೆ ಬದುಕಬಲ್ಲದೇ. ಸಾಕುವವರ ಬೇಡಿಕೆಯಿಂದ ಕಾಡಿನಲ್ಲಿ ಅದರ ಸಂಖ್ಯೆ ಕುಸಿಯುತ್ತದೆಯೇ. ಪ್ರಶ್ನೆಗಳು ನ್ಯಾಯವಾದವು. ತೊಡಕು ಇರುವುದು ಉತ್ತರ ಎಲ್ಲಿಂದ ತರಬೇಕು ಎಂಬುದರಲ್ಲಿ.

ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿಯನ್ನು ನೋಡಿ. ಅಂಗೈಯಲ್ಲಿ ಹಿಡಿಸುತ್ತದೆ. ಕಣ್ಣಿನ ಮೇಲೆ ರೆಪ್ಪೆಗೂದಲಿನಂತೆ ಮುಳ್ಳುಗಳ ಸಾಲು. ಕಣ್ಣಿಗೆ ಮುಚ್ಚುವ ರೆಪ್ಪೆಯೇ ಇಲ್ಲದ್ದರಿಂದ ಧೂಳು ಬಿದ್ದರೆ ನಾಲಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ಹೆದರಿಸಿದರೆ ಬಾಲ ಕಳಚುತ್ತದೆ, ಒಮ್ಮೆ ಹೋದ ಬಾಲ ಮತ್ತೆ ಬೆಳೆಯುವುದಿಲ್ಲ. ಫ್ರೆಂಚ್ ಆಡಳಿತದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ 1994ರಲ್ಲಿ ಮತ್ತೆ ಕಣ್ಣಿಗೆ ಬೀಳುವವರೆಗೂ ಇದು ಅಳಿದುಹೋಯಿತೆಂದೇ ನಂಬಿದ್ದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸಾಕಲಾಗುವ ಹಲ್ಲಿಗಳಲ್ಲಿ ಇದೂ ಒಂದು. ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಕೋಣೆಯ ಸಾಮಾನ್ಯ ತಾಪದಲ್ಲೇ ಆರಾಮಾಗಿರುತ್ತದೆ, ಹಣ್ಣಿನ ಪುಡಿಯ ಆಹಾರ ಹಿಡಿಸುತ್ತದೆ, ಯಾವ ಶಾಖಕ್ಕೆ ಸೊರಗುತ್ತದೆ ಎಂಬುದೆಲ್ಲ ನೂರಾರು ಸಾಕಣೆಗಾರರು ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳಿಂದ ಗೊತ್ತಾಗಿದೆ. ಅದರ ಕಡತ ಒಂದು ವಾರದಲ್ಲಿ ತುಂಬುತ್ತದೆ.

ಈಗ 1994ಕ್ಕೆ ಹೋಗಿ. ಆಗಲೇ ಎಲ್ಲ ದೇಶಗಳಲ್ಲೂ ಬಿಗಿಯಾದ ಅನುಮತಿ ಪಟ್ಟಿ ಇದ್ದಿದ್ದರೆ? ಕಾಡಿನಲ್ಲಿ ಎಷ್ಟಿವೆಯೋ ಗೊತ್ತಿಲ್ಲ, ಪೆಟ್ಟಿಗೆಯಲ್ಲಿ ಬದುಕುತ್ತದೆಯೋ ಗೊತ್ತಿಲ್ಲ, ಏನು ತಿನ್ನುತ್ತದೋ ಪೂರಾ ಗೊತ್ತಿಲ್ಲ. ಅರ್ಜಿ ಮೊದಲ ಪುಟದಲ್ಲೇ ಬೀಳುತ್ತಿತ್ತು, ಮತ್ತು ಅಂದಿನ ಮಟ್ಟಿಗೆ ಅದು ಸರಿಯಾದ ತೀರ್ಪೇ ಆಗಿರುತ್ತಿತ್ತು. ಇಂದು ಅದೇ ದ್ವೀಪದ, ಅಷ್ಟೇ ಸಾಧುವಾದ ಆದರೆ ಕೆಲವೇ ಜನ ಸಾಕಿರುವ ಇನ್ನೊಂದು ಗೆಕ್ಕೊ ನಿಂತಿರುವುದು ಆ ಜಾಗದಲ್ಲಿ. ಸಾಕಿದ ಅನುಭವ ಇಲ್ಲದೆ ಅನುಮತಿ ಇಲ್ಲ, ಅನುಮತಿ ಇಲ್ಲದೆ ಸಾಕಿದ ಅನುಭವ ಇಲ್ಲ. ಹುಚ್ಚು ಬಿಡುವ ತನಕ ಮದುವೆ ಆಗೋದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡೋದಿಲ್ಲ ಎಂಬ ಗಾದೆ ಯಾವ ತಜ್ಞ ಸಮಿತಿಯ ಗೋಡೆಗೂ ಒಪ್ಪುತ್ತದೆ. ಹೀಗಾಗಿ ಪಟ್ಟಿಗೆ ಹೋಗುವುದು ಸಾಕಲು ತಕ್ಕ ಪ್ರಾಣಿ ಅನ್ನುವುದಕ್ಕಿಂತ ಈಗಾಗಲೇ ಜನಪ್ರಿಯವಾದ ಪ್ರಾಣಿ. ಎರಡೂ ಎಷ್ಟೋ ಸಲ ಒಂದೇ ಆಗಿರುವುದಿಲ್ಲ. ಚಿಕ್ಕದಿದ್ದಾಗ ಅಗ್ಗಕ್ಕೆ ಸಿಕ್ಕು, ಬೆಳೆದ ಮೇಲೆ ಬಾಲವೂ ಸೇರಿ ಮನುಷ್ಯನುದ್ದ ಆಗುವ ಹಸಿರು ಇಗ್ವಾನ ಎಂಬ ಹಲ್ಲಿ ದಶಕಗಳ ಕಾಲ ಅತಿ ಜನಪ್ರಿಯ ಸಾಕುಪ್ರಾಣಿಯಾಗಿತ್ತು. 2021ರಲ್ಲಿ ಫ್ಲಾರಿಡಾ ನಿಷೇಧಿತ ಪಟ್ಟಿಗೆ ಸೇರಿಸಿದ 16 ಸರೀಸೃಪಗಳಲ್ಲಿ ಅದೂ ಇತ್ತು.

ಈ ಕಗ್ಗಂಟನ್ನು ನ್ಯಾಯಾಲಯಗಳು ನೋಡಿಲ್ಲ ಎಂದಲ್ಲ. ಬೆಲ್ಜಿಯಂ ಸಸ್ತನಿಗಳಿಗೆ ಅನುಮತಿ ಪಟ್ಟಿ ಮಾಡಿದಾಗ ಪ್ರಾಣಿ ವ್ಯಾಪಾರಿಗಳ ಸಂಘ ಆಂಡಿಬೆಲ್ ಪ್ರಶ್ನಿಸಿತು. ವಿಷಯ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 2008ರ ಜೂನ್ 19ರಂದು ತೀರ್ಪು ಬಂತು. ಸರೀಸೃಪದ ಹೆಸರೇ ಇಲ್ಲದ ಆ ತೀರ್ಪು ಇಂದು ಸರೀಸೃಪ ಸಾಕುವವರು ಹೆಚ್ಚು ಓದಬೇಕಾದದ್ದು. ಅನುಮತಿ ಪಟ್ಟಿ ಮಾಡಬಹುದು ಎಂದಿತು ನ್ಯಾಯಾಲಯ, ಆದರೆ ಷರತ್ತುಗಳಿವೆ: ಪಟ್ಟಿ ತಾರತಮ್ಯವಿಲ್ಲದ, ವಸ್ತುನಿಷ್ಠ ಅಳತೆಗಳ ಮೇಲೆ ನಿಂತಿರಬೇಕು. ಹೊಸ ಪ್ರಭೇದ ಸೇರಿಸಿ ಎಂದು ಕೇಳಲು ಜನರಿಗೆ ಸುಲಭವಾಗಿ ಸಿಗುವ ದಾರಿ ಇರಬೇಕು. ಆ ಅರ್ಜಿಗೆ ಯುಕ್ತ ಕಾಲದೊಳಗೆ ಉತ್ತರ ಬರಬೇಕು. ಆಗದು ಎಂದರೆ ಕಾರಣ ಕೊಡಬೇಕು, ಆ ಕಾರಣವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಬರಬೇಕು. ಅದಕ್ಕಿಂತ ಮುಖ್ಯವಾಗಿ, ನಿರಾಕರಿಸುವುದು ನಿಜವಾದ ಅಪಾಯ ಇದ್ದಾಗ ಮಾತ್ರ. ಗೊತ್ತಿಲ್ಲ ಎಂಬುದು ತಾನಾಗಿಯೇ ಬೇಡ ಎಂದಾಗಬಾರದು ಎನ್ನುವ ಧಾಟಿ ಇದರಲ್ಲಿದೆ.

ಈ ಅಳತೆ ಬರಿಯ ಕಾಗದದ ಮೇಲೆ ಉಳಿಯಲಿಲ್ಲ. ನೆದರ್ಲೆಂಡ್ಸ್ ಸರ್ಕಾರ 2015ರಲ್ಲಿ ಸಸ್ತನಿಗಳಿಗಾಗಿ ಜಾರಿಗೆ ತಂದ ಪಟ್ಟಿ ಎರಡು ವರ್ಷದಲ್ಲಿ ನ್ಯಾಯಮಂಡಳಿಯ ಮುಂದೆ ಬಿತ್ತು. ಯಾವ ಪ್ರಾಣಿ ಒಳಗೆ, ಯಾವುದು ಹೊರಗೆ ಎಂಬ ಚರ್ಚೆಗಿಂತ, ಪಟ್ಟಿ ತಯಾರಾದ ವಿಧಾನವೇ ಸರಿಯಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು. ಮತ್ತೆ ಮೊದಲಿನಿಂದ ಶುರುಮಾಡಿ 30 ಸಸ್ತನಿಗಳ ಹೊಸ ಪಟ್ಟಿ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಬೆರಳೆಣಿಕೆಯ ಸಸ್ತನಿಗಳಿಗೇ ಇಷ್ಟು ವರ್ಷ ಹಿಡಿದರೆ ಹನ್ನೆರಡು ಸಾವಿರ ಸರೀಸೃಪಗಳಿಗೆ ಎಷ್ಟು ಹಿಡಿದೀತು ಎಂಬ ಲೆಕ್ಕ ಓದುಗರಿಗೇ ಬಿಟ್ಟದ್ದು.

ಇನ್ನು ಹೆಸರಿನ ಗೋಳು. ಕೇಳಲು ಕ್ಷುಲ್ಲಕ, ಅನುಭವಿಸಿದವರಿಗೆ ಗೊತ್ತು. ಕಾನೂನಿನ ಪಟ್ಟಿಯಲ್ಲಿ ಇರುವುದು ವೈಜ್ಞಾನಿಕ ಹೆಸರು. ಅದನ್ನು ಬದಲಾಯಿಸುವವರು ವಿಜ್ಞಾನಿಗಳು, ಅವರು ಗೆಜೆಟ್ ನೋಡಿಕೊಂಡು ಕೂರುವುದಿಲ್ಲ. ಎಲಾಫೆ ಗಟಾಟ ಆಗಿದ್ದ ಕಾರ್ನ್ ಸ್ನೇಕ್ ಈಗ ಪ್ಯಾಂಥೆರೋಫಿಸ್ ಗಟಾಟಸ್. ರಾಕೊಡ್ಯಾಕ್ಟೈಲಸ್ ಸಿಲಿಯೇಟಸ್ ಆಗಿದ್ದ ಕ್ರೆಸ್ಟೆಡ್ ಗೆಕ್ಕೊ 2012ರ ನಂತರ ಕೊರೆಲೋಫಸ್ ಸಿಲಿಯೇಟಸ್. ಬರಿಯ ಹೆಸರು ಬದಲಾದರೆ ಒಂದು ತಿದ್ದುಪಡಿ ಸಾಕು. ಒಂದು ಪ್ರಭೇದ ಒಡೆದು ಎರಡಾದಾಗ ನಿಜವಾದ ಪೇಚು. ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಒಂದೇ ಹೆಸರಿನಡಿ ಇದ್ದ ಹಾವುಗಳಲ್ಲಿ ಮಧ್ಯ ಅಮೆರಿಕದ ಕಡೆಯವನ್ನು ಬೋವಾ ಇಂಪೆರೇಟರ್ ಎಂದು ಬೇರೆ ಮಾಡಿದ್ದಾರೆ. ಪಟ್ಟಿಯಲ್ಲಿ ಹಳೆಯ ಹೆಸರೊಂದೇ ಇದ್ದರೆ ಹೊಸದಾಗಿ ಬೇರೆಯಾದದ್ದಕ್ಕೆ ಅನುಮತಿ ಇದೆಯೋ ಇಲ್ಲವೋ? ಹತ್ತು ವರ್ಷದಿಂದ ಅದೇ ಮನೆಯಲ್ಲಿರುವ ಹಾವು ಒಂದಿಂಚೂ ಕದಲದೆ ಒಂದು ಸಂಶೋಧನಾ ಪ್ರಬಂಧದಿಂದ ಅಕ್ರಮವಾಗಬಹುದು.

ಗಡಿ ದಾಟುವ ಪ್ರಾಣಿಗಳಿಗೆ ಇನ್ನೊಂದು ಸುತ್ತು ಇದೆ: ಸೈಟಿಸ್. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ, ಕಾಡು ಪ್ರಾಣಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಈ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಎಲ್ಲ ಹೆಬ್ಬಾವು ಮತ್ತು ಬೋವಾಗಳೂ ಕನಿಷ್ಠ ಎರಡನೆಯ ಅನುಬಂಧದಲ್ಲಿವೆ. ರಫ್ತಿಗೆ ಅನುಮತಿ ಪತ್ರ ಬೇಕು, ಅದರ ಆಯುಸ್ಸು ಆರು ತಿಂಗಳು. ಆ ಪತ್ರದಲ್ಲಿ ಮೂಲ ಎಂಬ ಕಾಲಂನಲ್ಲಿ ಒಂದೇ ಒಂದು ಅಕ್ಷರ ಇರುತ್ತದೆ. ಡಬ್ಲ್ಯು ಎಂದರೆ ಕಾಡಿನಿಂದ ಹಿಡಿದದ್ದು. ಸಿ ಎಂದರೆ ಸಾಕಣೆಯಲ್ಲೇ ತಳಿ ಬೆಳೆದದ್ದು. ಎಫ್ ಎಂದರೆ ಹುಟ್ಟಿದ್ದು ಬಂಧನದಲ್ಲೇ, ಆದರೆ ತಳಿ ಬೆಳೆಸಿದ್ದು ಎನ್ನುವ ವ್ಯಾಖ್ಯೆಗೆ ಪೂರ್ತಿ ಹೊಂದದ್ದು. ಎಷ್ಟೋ ದೇಶಗಳಲ್ಲಿ ಪ್ರಾಣಿ ಒಳಗೆ ಬರುತ್ತದೋ ಇಲ್ಲವೋ ಎಂಬುದು ಈ ಅಕ್ಷರದ ಮೇಲೆ ನಿಂತಿದೆ. ಸಿ ಇದ್ದರೆ ದಾರಿ ಸಲೀಸು. ಆದ್ದರಿಂದಲೇ ಎಲ್ಲರಿಗೂ ಸಿ ಬೇಕು.

ಆ ಸಿ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಇಂಡೋನೇಷ್ಯಾದ ಹಸಿರು ಹೆಬ್ಬಾವು ಸಾಕ್ಷಿ. ಮರದ ಕೊಂಬೆಗೆ ಸುರುಳಿ ಸುತ್ತಿ, ಆ ಸುರುಳಿಯ ನಡುವೆ ತಲೆಯಿಟ್ಟು ಕೂರುವ ಚೆಲುವಾದ ಹಾವು. ಅಲ್ಲಿನ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ್ದೆಂದು ರಫ್ತಾಗುತ್ತಿದ್ದ ಈ ಹಾವುಗಳಲ್ಲಿ ಕನಿಷ್ಠ 80 ಶೇಕಡ ಕಾಡಿನಿಂದ ಹಿಡಿದು ತಂದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೇಂದ್ರ ಹೇಳಿತು, ಕಚೇರಿ ಮುದ್ರೆ ಒತ್ತಿತು, ಆಮದು ಮಾಡುವ ದೇಶ ಮುದ್ರೆಯನ್ನು ನಂಬಿತು. ಬೇಲಿಗೆ ಓತಿಕ್ಯಾತ ಸಾಕ್ಷಿ. ಅದೇ ಅಧ್ಯಯನ ಮಾಡಿದವರು ಮುಂದಿಟ್ಟ ಪರಿಹಾರ ನನಗೆ ತುಂಬ ಹಿಡಿಸಿತು: ಮರಿಯೊಡೆದ ಮೊಟ್ಟೆಯ ಸಿಪ್ಪೆಗಳನ್ನು ಇಟ್ಟುಕೊಂಡು ತೋರಿಸಲಿ. ನಿಜವಾಗಿ ಮರಿ ಮಾಡಿಸಿದವರ ಬಳಿ ಅದು ಹೇಗೂ ಇರುತ್ತದೆ, ಖರ್ಚಿಲ್ಲ. ಕಾಡಿನಿಂದ ಹಿಡಿದವರ ಬಳಿ ಇರುವುದಿಲ್ಲ. ಇಪ್ಪತ್ತು ಪುಟದ ಪ್ರಮಾಣಪತ್ರಕ್ಕಿಂತ ಒಂದು ಚೀಲ ಸಿಪ್ಪೆ ಹೆಚ್ಚು ಮಾತಾಡುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಅಧಿಕಾರಿಯ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕು. ಅವರು ಹೂಂ ಎಂದು ಏನಾದರೂ ಎಡವಟ್ಟಾದರೆ ಕಡತದಲ್ಲಿ ಅವರ ಸಹಿ ಇರುತ್ತದೆ. ಊಹೂಂ ಎಂದರೆ ಯಾರೂ ಕೇಳುವುದಿಲ್ಲ, ಅರ್ಜಿದಾರರೊಬ್ಬರು ಗೊಣಗುತ್ತಾರೆ ಅಷ್ಟೆ. ಮತ್ತು ಎಡವಟ್ಟುಗಳು ಕಲ್ಪನೆಯವಲ್ಲ. ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ, ಸಾಕುಪ್ರಾಣಿಯಾಗಿ ಬಂದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಕಾಡು ಸೇರಿ ಬೇರೆಲ್ಲೂ ಇಲ್ಲದ ಅಲ್ಲಿನ ದೈತ್ಯ ಹಲ್ಲಿಗಳನ್ನು ತಿಂದುಹಾಕುತ್ತಿದೆ. ಕಚ್ಚದ, ವಿಷವಿಲ್ಲದ, ಹೊಸಬರಿಗೆ ಹೇಳಿಮಾಡಿಸಿದಂಥ ಹಾವು ಎಂದು ಹೆಸರಾದದ್ದು ಅದು.

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ 2013ರ ಆಗಸ್ಟಿನಲ್ಲಿ ನಡೆದದ್ದು ಇನ್ನೂ ಭೀಕರ. ಪ್ರಾಣಿಗಳ ಅಂಗಡಿಯ ಮೇಲಿನ ಮನೆಯಲ್ಲಿ ಮಲಗಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರನ್ನು, ಆವರಣದಿಂದ ಗಾಳಿ ಕೊಳವೆಯ ಮೂಲಕ ತಪ್ಪಿಸಿಕೊಂಡ ಆಫ್ರಿಕದ ರಾಕ್ ಪೈಥಾನ್ ಕೊಂದಿತು. ಆ ಹೆಬ್ಬಾವನ್ನು ಖಾಸಗಿಯಾಗಿ ಇಟ್ಟುಕೊಳ್ಳಲು ಪ್ರಾಂತದ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಅದು ಅಲ್ಲಿಗೆ ಬಂದದ್ದು 2002ರಲ್ಲಿ, ಕೇಂದ್ರ ಸರ್ಕಾರದ ಪರಿಸರ ಇಲಾಖೆಯ ಮೂಲಕ. ಪ್ರಾಂತದ ಇಲಾಖೆ ತನಗೆ ಅದು ಅಲ್ಲಿರುವುದೇ ತಿಳಿದಿರಲಿಲ್ಲ ಎಂದಿತು. ನಿಯಮ ಕಡಿಮೆ ಇದ್ದುದರಿಂದ ಆದ ದುರಂತ ಎಂದು ಇದನ್ನು ಓದಲಾಗದು, ನಿಯಮ ಇತ್ತು. ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಗೆ ಹೋಗಿರಲಿಲ್ಲ. ಕಗ್ಗಂಟಾದ ಆಡಳಿತ ಸಾಕುವವರಿಗೆ ಕಿರಿಕಿರಿ ಮಾತ್ರ ಎಂದುಕೊಂಡವರು ಇದನ್ನು ನೆನಪಿಡಬೇಕು. ಪಕ್ಕದ ಮನೆಯವರ ಸುರಕ್ಷತೆಯೂ ಅದರಲ್ಲೇ ಸಿಕ್ಕಿದೆ.

ಘಟನೆ ನಡೆದ ಮೇಲೆ ನಿಯಮ ಬರುವುದೂ ಮಾಮೂಲು. ಜರ್ಮನಿಯ ಹೆರ್ನೆ ನಗರದಲ್ಲಿ 2019ರ ಆಗಸ್ಟಿನಲ್ಲಿ ಒಂದು ನಾಗರಹಾವು ತಪ್ಪಿಸಿಕೊಂಡು ದಿನಗಟ್ಟಲೆ ಜನರನ್ನು ಮನೆ ಬಿಡಿಸಿತು. 2021ರ ಆರಂಭದಿಂದ ಆ ರಾಜ್ಯದಲ್ಲಿ ವಿಷಜಂತುಗಳನ್ನು ಹೊಸದಾಗಿ ಸಾಕುವಂತಿಲ್ಲ, ಮೊದಲೇ ಇದ್ದವರು ನೋಂದಾಯಿಸಿ ವಿಮೆ ಮಾಡಿಸಬೇಕು. ಪಕ್ಕದ ರಾಜ್ಯದಲ್ಲಿ ಬೇರೆ ನಿಯಮ. ಬ್ರಿಟನ್ನಿನಲ್ಲಿ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆಯಡಿ ನಾಗರ, ಮಂಡಲದಂಥ ಹಾವುಗಳಿಗೆ ಸ್ಥಳೀಯ ಆಡಳಿತದ ಪರವಾನಗಿ ಬೇಕು, ಪಶುವೈದ್ಯರ ತಪಾಸಣೆ ಬೇಕು, ವಿಮೆ ಬೇಕು. ಪರವಾನಗಿಯ ಅವಧಿ ಎರಡು ವರ್ಷ. ನನ್ನ ಕಣ್ಣಿಗೆ ಇದು ಅನುಮತಿ ಪಟ್ಟಿಗಿಂತ ಪ್ರಾಮಾಣಿಕ ಮಾದರಿ. ಪ್ರಾಣಿ ಅಪಾಯಕಾರಿ ಎಂದು ಮೊದಲೇ ಒಪ್ಪಿಕೊಂಡು, ಇವರ ಮನೆಯಲ್ಲಿ, ಈ ಬೀಗದ ಹಿಂದೆ, ಇದು ಇರಬಹುದೇ ಎಂದು ಕೇಳುತ್ತದೆ. ಪ್ರಭೇದದ ಜೊತೆಗೆ ಮನುಷ್ಯನನ್ನೂ ನೋಡುತ್ತದೆ. ತೊಂದರೆ ಎಂದರೆ ತಪಾಸಣೆಗೆ ಬರುವವರಿಗೆ ಹಾವು ಗೊತ್ತಿರಬೇಕು. ಶುಲ್ಕವೂ ಊರಿಂದೂರಿಗೆ ಬೇರೆ.

ಕಾಲದ ಲೆಕ್ಕವೂ ಹೊಂದುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಏಳು ಮೊಟ್ಟೆ ಇಟ್ಟು ಸುದ್ದಿಯಾಯಿತು, ಅದೂ ವರ್ಷಗಟ್ಟಲೆ ಗಂಡಿನ ಸಂಗವಿಲ್ಲದೆ. ಅಷ್ಟು ಬದುಕುವ ಪ್ರಾಣಿಗೆ ಎರಡು ವರ್ಷದ ಪರವಾನಗಿ, ಆರು ತಿಂಗಳ ಅನುಮತಿ ಪತ್ರ, ಐದು ವರ್ಷಕ್ಕೊಮ್ಮೆ ಬದಲಾಗುವ ಸರ್ಕಾರ. ಪಟ್ಟಿಯಿಂದ ಒಂದು ಹೆಸರು ತೆಗೆದರೆ ಈಗಾಗಲೇ ಮನೆಗಳಲ್ಲಿ ಇರುವವುಗಳ ಗತಿ ಏನು ಎಂಬುದನ್ನು ಅದೇ ಆದೇಶದಲ್ಲಿ ಬರೆಯದಿದ್ದರೆ ಅವು ಕೆರೆ ಪಾಲು ಇಲ್ಲವೇ ಕತ್ತಲೆ ಕೋಣೆ ಪಾಲು. ಕೆಂಪು ಕಿವಿಯ ಆಮೆಯನ್ನು ಯುರೋಪಿಯನ್ ಒಕ್ಕೂಟ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಹಾಕಿದಾಗ, ಮೊದಲೇ ಸಾಕಿಕೊಂಡಿದ್ದವರು ಅದು ಸಾಯುವವರೆಗೆ ಇಟ್ಟುಕೊಳ್ಳಬಹುದು, ಮರಿ ಮಾಡಿಸಬಾರದು, ಹೊರಬಿಡಬಾರದು ಎಂದಿತು. ಆ ಒಂದು ಸಾಲು ಎಷ್ಟು ಕೆರೆಗಳನ್ನು ಉಳಿಸಿರಬಹುದು. ಅಕ್ರಮವೆಂದು ಘೋಷಿಸಿದ ಪ್ರಾಣಿಗೆ ಕಾಯಿಲೆ ಬಂದರೆ ಪಶುವೈದ್ಯರ ಬಾಗಿಲು ತಟ್ಟಲೂ ಭಯ, ನಾರ್ವೆಯ ಆ ನಾಲ್ಕು ದಶಕಗಳಲ್ಲೂ ಅದೇ ಭಯ.

ಅತ್ತ ಅಂತರ್ಜಾಲದ ಮಾರುಕಟ್ಟೆ ಪಟ್ಟಿಗಳಿಗಾಗಿ ಕಾಯುತ್ತಿಲ್ಲ. 2020ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಸುಮಾರು 3,900 ಸರೀಸೃಪ ಪ್ರಭೇದಗಳು ವ್ಯಾಪಾರದಲ್ಲಿವೆ, ಅವುಗಳಲ್ಲಿ ಮುಕ್ಕಾಲು ಪಾಲಿಗೆ ಸೈಟಿಸ್‌ನಂಥ ಅಂತಾರಾಷ್ಟ್ರೀಯ ನಿಯಂತ್ರಣವೇ ಇಲ್ಲ. ಗೊತ್ತಿರುವ, ಸಾಧುವಾದ, ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿದ ಹಲ್ಲಿಗೆ ಮೂರು ಕಚೇರಿ ಅಲೆಸಿ, ನಿನ್ನೆ ಮೊನ್ನೆ ಹೆಸರಿಟ್ಟ ಅಪರೂಪದ ಹಲ್ಲಿಯನ್ನು ಯಾರೂ ಕೇಳದೆ ಬಿಡುವ ವ್ಯವಸ್ಥೆ ಇದು.

ಕೆಲಸ ಮಾಡುವ ವಿಧಾನಗಳು ಇಲ್ಲವೆಂದಲ್ಲ, ಅವು ಸಣ್ಣವು, ಗದ್ದಲವಿಲ್ಲದವು. ಹರ್ಮನ್ ಆಮೆ ಯುರೋಪಿನಲ್ಲಿ ಕಟ್ಟುನಿಟ್ಟಿನ ರಕ್ಷಣೆ ಇರುವ ಪ್ರಾಣಿ. ಪ್ರತಿಯೊಂದನ್ನೂ ಗುರುತು ಹಿಡಿಯುವಂತಿರಬೇಕು, ಚರ್ಮದಡಿ ಮೈಕ್ರೋಚಿಪ್ ಹಾಕಬೇಕು. ಆದರೆ ಅಂಗೈ ಮಧ್ಯದಲ್ಲಿ ಕೂರುವ ಮರಿಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಚುಚ್ಚುವುದು ಹೇಗೆ? ಜರ್ಮನಿಯ ನಿಯಮ 500 ಗ್ರಾಂ ತೂಗುವವರೆಗೆ ಚಿಪ್ ಬೇಡ ಎನ್ನುತ್ತದೆ. ಬದಲಿಗೆ ಫೋಟೊ. ಮರಿಯನ್ನು ಮಿಲಿಮೀಟರ್ ಗೆರೆಯ ಗ್ರಾಫ್ ಕಾಗದದ ಮೇಲಿಟ್ಟು ಬೆನ್ನಿನ ಚಿಪ್ಪಿನದೊಂದು ಚಿತ್ರ, ಅಂಗಾತ ಮಲಗಿಸಿ ಹೊಟ್ಟೆಯ ಕಡೆಯದೊಂದು ಚಿತ್ರ. ಹೊಟ್ಟೆಯ ಫಲಕಗಳು ಕೂಡುವ ಗೆರೆಗಳು ನಮ್ಮ ಬೆರಳಚ್ಚಿನ ಹಾಗೆ, ಒಂದರದು ಇನ್ನೊಂದಕ್ಕೆ ಹೋಲುವುದಿಲ್ಲ. ಬೆಳೆದಂತೆ ಮತ್ತೆ ತೆಗೆದು ಹಳೆಯದರ ಜೊತೆ ಸೇರಿಸಿಡಬೇಕು. ಆಮೆ ಕೈ ಬದಲಾದರೆ ಈ ಚಿತ್ರಗಳೂ ಅದರ ಹಿಂದೆಯೇ ಹೋಗುತ್ತವೆ.